ಹಾಲಮ್ಮನ ಎದೆ ಏಳಲಿಲ್ಲ

ಹಾಲಮ್ಮನ ಬಲಗೈ ನಾಡಿ ನನಗೆ ಗೊತ್ತಿರುವಷ್ಟು ನನ್ನ ಗಂಡನ ಮುಖವೂ ಗೊತ್ತಿಲ್ಲ. ಹೀಗೆ ಹೇಳಿದರೆ ನಮ್ಮ ಮನೆಯವರು ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ. ಆ ಮುಖದ ಎದುರು ನಾನು ಯಾವತ್ತೂ ಉಸಿರು ಬಿಗಿಹಿಡಿದು ಕೂತವಳಲ್ಲ. ಹಾಲಮ್ಮನ ನಾಡಿಯ ಮುಂದೆ ಮಾತ್ರ ಪ್ರತಿ ಮಂಗಳವಾರ ಹಾಗೇ ಕೂತಿದ್ದೇನೆ.

ನಾನು ಲಿಂಗಮ್ಮ, ಅಂಗನವಾಡಿ ಟೀಚರಾಗಿ ರಿಟೈರಾದವಳು. ಭದ್ರಾವತಿಯ ಕಾಗದನಗರದಲ್ಲಿ ನಮಗೂ ಹಾಲಮ್ಮನಿಗೂ ನಡುವೆ ಒಂದೇ ಗೋಡೆ. ಇಬ್ಬರ ಗಂಡಂದಿರೂ ಕಾಗದದ ಮಿಲ್ಲಿನವರು. ಮಿಲ್ಲು ನಿಂತ ಮೇಲೆ ಸಾಲು ಸಾಲು ಕ್ವಾರ್ಟರ್ಸು ಖಾಲಿಯಾದವು. ಬಾಗಿಲು ಕಿಟಕಿಗಳನ್ನು ಯಾರೋ ಕಿತ್ತುಕೊಂಡು ಹೋದರು, ಅಡುಗೆಮನೆಗಳಲ್ಲಿ ಲಂಟಾನ ಬೆಳೆಯಿತು. ಹಗಲು ಹೊತ್ತಿನಲ್ಲೂ ಆ ಸಾಲಿನ ಮುಂದೆ ನಡೆದರೆ ಒಳಗಿಂದ ಯಾರೋ ನೋಡಿದ ಹಾಗಾಗುತ್ತದೆ. ನಾವು ಕೆಲವರು ಮಾತ್ರ ಉಳಿದುಕೊಂಡಿದ್ದೇವೆ.

ಸಾಲಿನ ಕೊನೆಯಲ್ಲಿ, ಬೇವಿನ ಮರದ ಬುಡದಲ್ಲಿ, ಚೌಡಮ್ಮನ ಗುಡಿಯಿದೆ. ಹಾಲಮ್ಮ ಮದುವೆಯಾಗಿ ಬಂದ ಹೊಸತರಲ್ಲೇ ಅವಳ ಮೈಮೇಲೆ ಅಮ್ಮ ಬರಲು ಶುರುವಾಯಿತು. ನಮ್ಮ ಗುಡಿಯ ಕಟ್ಟಳೆ ಬಹಳ ಬಿಗಿ. ಮೊದಲು ಎದೆ ಏಳಬೇಕು, ಆಮೇಲೆ ಮೈ. ತಲೆಗೂದಲು ಕೆದರಿಕೊಂಡು ಕುಣಿಯಲು ಯಾರಿಗೆ ಬೇಕಾದರೂ ಬರುತ್ತದೆ. ಕಲ್ಲಿನ ಹಾಗೆ ಕೂತವಳ ಎದೆ ತಾನೇ ತಾನಾಗಿ ಓಡಲು ಹತ್ತಿದರೆ ಮಾತ್ರ ಅದು ಅಮ್ಮ. ಅದನ್ನು ನೋಡಲು ಇನ್ನೊಬ್ಬಳು ನಾಡಿ ಹಿಡಿದು ಕೂರಬೇಕು. ಆ ಇನ್ನೊಬ್ಬಳು ನಾನು. ನಾನು "ಎದ್ದಿದೆ" ಅನ್ನುವವರೆಗೆ ಯಾರೂ ಪ್ರಶ್ನೆ ಕೇಳುವ ಹಾಗಿಲ್ಲ. "ಎದ್ದಿಲ್ಲ" ಅಂದರೆ ಕಾಯಿ, ಹೂವು ಎತ್ತಿಕೊಂಡು ಮನೆಗೆ ಹೋಗಬೇಕು. ಕಾರಿನಲ್ಲಿ ಬಂದವರಿಗೂ ಅಷ್ಟೇ, ಕಾಲ್ನಡಿಗೆಯಲ್ಲಿ ಬಂದವರಿಗೂ ಅಷ್ಟೇ. ನಾನು ಒಂದು ಸಲವೂ ಸುಳ್ಳು ಹೇಳಿಲ್ಲ.

ಆ ನಾಡಿ ಏಳುವುದನ್ನು ಹೇಗೆ ಹೇಳಲಿ? ಅವಳ ರೆಪ್ಪೆಯೂ ಅಲುಗುತ್ತಿರಲಿಲ್ಲ. ನನ್ನ ಬೆರಳ ಕೆಳಗೆ ಮಾತ್ರ ಯಾರೋ ದೂರದಿಂದ ಓಡೋಡಿ ಬರುತ್ತಿರುವ ಹೆಜ್ಜೆ ಸಿಗುತ್ತಿತ್ತು. ನನಗೆ ಪ್ರತಿ ಸಲವೂ ಹೆದರಿಕೆಯಾಗುತ್ತಿತ್ತು.

ಹಾಲಮ್ಮನ ಗಂಡ ಮೂರ್ತಪ್ಪ ಮಾತು ಕಡಿಮೆಯ ಮನುಷ್ಯ. ಪೇಪರ್ ಮಷೀನಿನ ಮೇಲೆ ಕೆಲಸ ಮಾಡಿದವನು. ಮಿಲ್ಲು ನಿಂತು ವರ್ಷಗಳಾದರೂ ಖಾಕಿ ಅಂಗಿ ಹಾಕಿಕೊಂಡು ಗೇಟಿನ ತನಕ ನಡೆದು, ಬೀಗ ನೋಡಿಕೊಂಡು ವಾಪಸು ಬರುವನು. "ಏನಣ್ಣ, ಇವತ್ತು ಡ್ಯೂಟಿ ಹೆಂಗಿತ್ತು?" ಅಂತ ನಾನು ರೇಗಿಸಿದರೆ ನಗುವನು, ಅಷ್ಟೇ. ಹೋದ ವರ್ಷ ದಸರಾ ಕಳೆದ ಮೇಲೆ ಒಂದು ಸಂಜೆ ಗದ್ದೆಗೆ ನೀರು ಹೋಗುವ ಚಾನೆಲ್ ಕಡೆ ತಿರುಗಾಡಲು ಹೋದವನು ಬರಲಿಲ್ಲ. ಹುಡುಕದ ಜಾಗವಿಲ್ಲ. ಪೊಲೀಸರಿಗೆ ಫೋಟೋ ಕೊಟ್ಟೆವು.

ಊರಿನವರ ಕಳೆದ ದನಕ್ಕೆ, ಓಡಿಹೋದ ಮಗನಿಗೆ ದಾರಿ ಹೇಳಿದ ಬಾಯಿ ಹಾಲಮ್ಮನದು. ಆದರೆ ಅಮ್ಮ ತಾನು ಬರುವ ಮನೆಯ ಪ್ರಶ್ನೆಗೆ ಬಾಯಿ ಬಿಡುವುದಿಲ್ಲ, ಅದೂ ಕಟ್ಟಳೆಯೇ. ಹಾಲಮ್ಮ ಅದಕ್ಕೇನೂ ಗೊಣಗಲಿಲ್ಲ. "ಬಾಯಿ ಬಿಡದಿದ್ರೆ ಬೇಡ ಬಿಡೇ ಲಿಂಗಿ. ಅವರ ನಿಜವಾದ ಸುದ್ದಿ ಬಂದ ದಿನ ನನ್ನ ಎದೆ ತಾನಾಗೇ ಏಳುತ್ತೆ. ನೀನು ಕೈ ಹಿಡ್ಕೊಂಡಿರು ಸಾಕು" ಎಂದಳು. ಅರಸೀಕೆರೆ ಸ್ಟೇಷನ್ನಿನಲ್ಲಿ ಅಂಥ ಒಬ್ಬ ಮನುಷ್ಯ ಮಲಗಿದ್ದಾನೆ ಅಂತ ಒಮ್ಮೆ, ಚನ್ನಗಿರಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾನೆ ಅಂತ ಒಮ್ಮೆ ಫೋನ್ ಬಂತು. ಇಬ್ಬರೂ ಓಡಿದೆವು. ಅವಳು ದೂರದಿಂದಲೇ ಕೈ ಚಾಚುವಳು, ನಾನು ಹಿಡಿಯುವೆನು, ಎದ್ದಿಲ್ಲ. ಹತ್ತಿರ ಹೋಗಿ ನೋಡಿದರೆ ಬೇರೆ ಯಾರೋ. ಅವಳ ನಂಬಿಕೆ ಗಟ್ಟಿಯಾಯಿತು. ನನ್ನದೂ ಆಯಿತು, ಯಾಕೆ ಸುಳ್ಳು ಹೇಳಲಿ.

ಸಂಕ್ರಾಂತಿ ಹೊತ್ತಿಗೆ ಹಾಲಮ್ಮ ನಲ್ಲಿಯ ಹತ್ತಿರ ಕೊಡ ಹಿಡಿದವಳು ಹಾಗೆಯೇ ಕುಸಿದು ಬಿದ್ದಳು. ಓಡಿಹೋಗಿ ನಾಡಿ ಹಿಡಿದೆ. ಅಯ್ಯೋ ದೇವರೇ, ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಒಂದು ಗುಟುಕು ಕಾಫಿ ಕುಡಿಯಬಹುದಿತ್ತು. ಆಟೋ ಚಂದ್ರು ನಮ್ಮ ಬೀದಿಯವನೇ, ಶಿವಮೊಗ್ಗದ ಹೃದಯದ ಆಸ್ಪತ್ರೆಗೆ ಒಂದೇ ಉಸಿರಿಗೆ ಹೊಡೆದುಕೊಂಡು ಹೋದ. ಹೃದಯಕ್ಕೆ ತಾಳ ಹಾಕುವ ಜಾಗವೇ ಕೆಟ್ಟಿದೆ, ಆ ತಾಳ ಕೆಳಗಿಳಿಯುವ ದಾರಿಯೂ ಕಟ್ಟಿದೆ ಎಂದರು ಡಾಕ್ಟರು. ಎಡಗಡೆ ಕತ್ತಿನ ಮೂಳೆಯ ಕೆಳಗೆ ಚರ್ಮ ಬಿಡಿಸಿ ಪೇಸ್‌ಮೇಕರ್ ಕೂರಿಸಿದರು. ಬೆಂಕಿಪೊಟ್ಟಣದಷ್ಟು ಉಬ್ಬು, ಅಷ್ಟೇ.

ಗಾಯ ಮಾಗಿದ ಮೇಲೆ ಮಷೀನ್ ಪರೀಕ್ಷೆ ಮಾಡಿದವಳು ಕವನಾ ಎಂಬ ಹುಡುಗಿ. ಶಿವಮೊಗ್ಗದ ಗೋಪಾಳದವಳಂತೆ, ಅರಳು ಹುರಿದ ಹಾಗೆ ಮಾತು. ಹಾಲಮ್ಮನನ್ನು ಮಲಗಿಸಿ, ಪರದೆಯ ಮೇಲೆ ಅರವತ್ತು ಅಂತ ತೋರಿಸಿದಳು.

"ಇನ್ನು ನಿಮ್ಮ ಹೃದಯ ಇದು ಬಡಿಸಿದ ಹಾಗೇ ಬಡಿಯೋದು ಆಂಟಿ. ಸುಮ್ಮನಿದ್ದಾಗ ನಿಮಿಷಕ್ಕೆ ಅರವತ್ತು. ನೀವು ನಡೆದ್ರೆ ಇದು ಅಲುಗಾಟ ನೋಡಿ ತಾನೇ ಏರಿಸುತ್ತೆ. ಒಳಗೊಂದು ಸೆನ್ಸರ್ ಇದೆ. ನೋಡಿ, ಹೀಗೆ ತಟ್ಟಿದ್ರೂ ನೀವು ನಡೀತಿದೀರ ಅಂದ್ಕೊಳ್ಳುತ್ತೆ." ಎರಡು ಬೆರಳಿನಿಂದ ಆ ಉಬ್ಬಿನ ಮೇಲೆ ಮೆಲ್ಲಗೆ ತಟ್ಟುತ್ತಾ ಹೋದಳು. ಪರದೆಯ ಮೇಲೆ ಅಂಕಿ ಎಪ್ಪತ್ತಾಯಿತು, ಎಂಬತ್ತೈದಾಯಿತು. ಹಾಲಮ್ಮ ಮಲಗಿಕೊಂಡೇ ಇದ್ದಳು. ನನಗೆ ಮೈ ಜುಮ್ಮೆಂದಿತು.

"ಅಲ್ಲಮ್ಮ, ಹುಲಿ ಎದುರಿಗೆ ಬಂದ್ರೆ?" ಎಂದೆ.

"ಓಡಿದ್ರೆ ಏರುತ್ತೆ. ಹೆದರಿ ನಿಂತ್ಕೊಂಡ್ರೆ ಏರಲ್ಲ."

"ಇದೊಳ್ಳೆ ಕಥೆಯಾಯ್ತಲ್ಲ!"

"ಮೈ ಅಲುಗಿದ್ದು ಗೊತ್ತಾಗುತ್ತೆ ಆಂಟಿ, ಮನಸ್ಸು ಅಲುಗಿದ್ದು ಗೊತ್ತಾಗಲ್ಲ. ಮೆಟ್ಟಿಲು ಹತ್ತುವಾಗ ಕಷ್ಟ ಜಾಸ್ತಿ, ಆದ್ರೆ ಇಳಿಯುವಾಗ ಮೈ ಹೆಚ್ಚು ಕುಲುಕುತ್ತೆ ನೋಡಿ, ಇದು ಇಳಿಯುವಾಗಲೇ ಹೆಚ್ಚು ಏರಿಸ್ಬಹುದು. ಆಟೋದಲ್ಲಿ, ಬಸ್ಸಲ್ಲಿ ಸುಮ್ಮನೆ ಕೂತಿದ್ರೂ ಏರ್ಬಹುದು, ಗಾಬರಿ ಬೀಳ್ಬೇಡಿ. ಉಸಿರು ನೋಡಿ ನಡೆಯೋ ಮಷೀನುಗಳಿವೆ, ಮನಸ್ಸಿನ ಗಾಬರಿಯನ್ನೂ ಸ್ವಲ್ಪ ಗುರುತಿಸೋವು ಇವೆ. ಆದ್ರೆ ಹುಟ್ಟಿದಾಗಿನ ಹೃದಯದ ಥರಾನೇ ನಡೆಯೋದು ಯಾವುದೂ ಇಲ್ಲ."

ನಾನು ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದೆ. ಹಾಲಮ್ಮ ಸೆರಗು ಸರಿಮಾಡಿಕೊಳ್ಳುತ್ತಾ, "ಆಯ್ತಾ? ಹೋಗೋಣ್ವಾ?" ಎಂದಳು. ಅವಳ ಕಿವಿಗೆ ಏನು ಬಿತ್ತೋ ಏನು ಬಿಡ್ತೋ.

ಅದಾದ ಮೇಲಿನ ಮೊದಲ ಮಂಗಳವಾರವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಜನ ಕಾದಿದ್ದರು. ಹಾಲಮ್ಮ ಸ್ನಾನ ಮಾಡಿ ಬಂದು ಕೂತಳು, ಕೈ ಚಾಚಿದಳು. ಸ್ವಲ್ಪ ಹೊತ್ತಿಗೆ ಅವಳ ತೋಳಿನ ರೋಮ ನಿಂತವು. ಮೇಲ್ದುಟಿಯ ಮೇಲೆ ಬೆವರು ಮೂಡಿತು. ಕಣ್ಣಗುಡ್ಡೆ ಮೇಲಕ್ಕೆ ಹೋಯಿತು. ಮುಖ ಇಷ್ಟು ವರ್ಷ ನೋಡಿದ ಅದೇ ಮುಖ, ಅಮ್ಮ ಬರುವಾಗಿನ ಮುಖ. ಬೆರಳ ಕೆಳಗೆ ಮಾತ್ರ ಅರವತ್ತು. ಟಕ್, ಟಕ್, ಟಕ್. ಅವಳ ಕೈಯೊಳಗೆ ಬೇರೆ ಯಾರೋ ಕೂತಿದ್ದರು, ಅವರಿಗೆ ಇಲ್ಲಿ ನಡೆಯುತ್ತಿದ್ದುದರ ಗೊಡವೆಯೇ ಇರಲಿಲ್ಲ.

ನಾನು ಬೆರಳು ಇನ್ನಷ್ಟು ಒತ್ತಿ ಹಿಡಿದೆ. ಆಮೇಲೆ ಅವಳ ಮೈ ಅದುರಿತು, ತಲೆ ತೂಗಾಡಿತು. ಆಗ, ಎಲ್ಲ ಮುಗಿದ ಮೇಲೆ ಊಟಕ್ಕೆ ಬರುವ ನೆಂಟನ ಹಾಗೆ, ನಾಡಿ ನಿಧಾನಕ್ಕೆ ಏರಿತು. ಮೊದಲು ಮೈ, ಆಮೇಲೆ ಎದೆ. ಕಟ್ಟಳೆ ಪ್ರಕಾರ ಅದು ನಾಟಕ.

"ಎದ್ದಿಲ್ಲ" ಎಂದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದುಹೋದರು. ಮುಂದಿನ ವಾರವೂ ಹಾಗೆಯೇ ಆಯಿತು. ಆಮೇಲೆ ಯಾರೂ ಬರಲಿಲ್ಲ. ಹಾಲಮ್ಮ ಗುಡಿಗೆ ದೀಪ ಹಚ್ಚಿ ಸುಮ್ಮನೆ ಬಂದುಬಿಡುತ್ತಿದ್ದಳು. "ಅಮ್ಮ ಬರ್ತಾಳೆ ಕಣೆ, ಆದ್ರೆ ಬಾಗಿಲಲ್ಲೇ ನಿಂತ್ಕೋತಾಳೆ" ಎಂದಳು ಒಮ್ಮೆ. ನಾನು ಕವನಾ ಹೇಳಿದ್ದನ್ನೆಲ್ಲ ಮತ್ತೆ ಬಿಡಿಸಿ ಹೇಳಿದೆ. ಕೇಳಿಸಿಕೊಂಡು, "ಮಷೀನು ಬಡಿಯೋದಕ್ಕೆ ಮಾತ್ರ. ಏಳೋದು ನನ್ನ ಎದೆಯೇ" ಎಂದಳು. ಅಂಥವಳಿಗೆ ಏನು ಹೇಳುವುದು?

ಶಿವರಾತ್ರಿಯ ಆಸುಪಾಸು, ಬೆಳಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ, ಇಬ್ಬರೂ ಖಾಲಿ ಸಾಲಿನ ಒಂದು ಮನೆಯ ಹಿತ್ತಿಲಿಗೆ ನುಗ್ಗೆಸೊಪ್ಪು ಕೀಳಲು ಹೋದೆವು. ಹಾಲಮ್ಮ ಹಿಂಬಾಗಿಲಿನಿಂದ ಇಣುಕಿದವಳು ಹಾಗೇ ನಿಂತಳು. ಒಳಗೆ, ನಡುಮನೆಯಲ್ಲಿ, ಖಾಕಿ ಅಂಗಿಯ ಮನುಷ್ಯನೊಬ್ಬ ನಮಗೆ ಬೆನ್ನು ಮಾಡಿ ಗೋಡೆ ನೋಡುತ್ತಾ ನಿಂತಿದ್ದ. ಅದೇ ಬಗ್ಗಿದ ಭುಜ, ಅದೇ ನರೆತ ಹಿಂದಲೆ. ನನ್ನ ಎದೆ ಬಾಯಿಗೆ ಬಂತು. ಹಾಲಮ್ಮ "ರೀ..." ಎಂದಳು. ಆ ದನಿ ಅವಳದಾಗಿರಲಿಲ್ಲ. ಅಭ್ಯಾಸಬಲ ನೋಡಿ, ನಾನು ಅವಳ ಕೈ ಹಿಡಿದೆ. ಅವಳ ಅಂಗೈ ತಣ್ಣಗೆ ಬೆವರಿತ್ತು. ನಾಡಿ ಅರವತ್ತು.

ಆ ಮನುಷ್ಯ ತಿರುಗಿದ. ಗೋಡೆಯೊಳಗಿನ ವೈರು ಕೀಳಲು ಬಂದ ಗುಜರಿಯವನು. ನಮ್ಮನ್ನು ನೋಡಿ ಅವನೇ ಬೆಚ್ಚಿ ಮುಂಬಾಗಿಲಿನಿಂದ ಓಡಿದ.

"ನೋಡಿದ್ಯಾ?" ಎಂದಳು ಹಾಲಮ್ಮ. ಅವಳ ಕಣ್ಣಿನಲ್ಲಿ ಹೆಮ್ಮೆ. "ಕಣ್ಣು ಮೋಸ ಹೋಯ್ತು. ಎದೆ ಹೋಗ್ಲಿಲ್ಲ."

ನನಗೆ ಅಲ್ಲೇ ಕೂಗಬೇಕೆನಿಸಿತು. ಆದರೆ ಹುಲ್ಲುಕಡ್ಡಿ ಹಿಡಿದುಕೊಂಡು ತೇಲುತ್ತಿರುವವಳ ಕೈಯಿಂದ ಅದನ್ನು ಕಿತ್ತುಕೊಳ್ಳುವ ಧೈರ್ಯ ನನಗಿರಲಿಲ್ಲ. ಸೊಪ್ಪು ಹಿಡಿದುಕೊಂಡು ಮನೆಗೆ ಬಂದೆವು.

ಬೇಸಿಗೆಯಲ್ಲಿ ಚಾನೆಲ್ ನೀರು ನಿಲ್ಲಿಸಿದರು. ಕೆಸರು ಒಣಗಿ ಬಿರುಕು ಬಿಟ್ಟಾಗ, ಸೇತುವೆಯ ಕೆಳಗಿನ ತೂಬಿನ ಹತ್ತಿರ ಮನುಷ್ಯನ ಮೂಳೆ ಸಿಕ್ಕಿತು. ಶಿವಮೊಗ್ಗದ ದೊಡ್ಡಾಸ್ಪತ್ರೆಯ ಶವಾಗಾರಕ್ಕೆ ಬನ್ನಿ ಅಂತ ಸ್ಟೇಷನ್ನಿನಿಂದ ಫೋನ್ ಬಂತು. ಚಂದ್ರುವಿನ ಆಟೋದಲ್ಲಿ ಹೋದೆವು. ಇಳಿದ ಮೇಲೆ ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕಾಯಿಸಿದರು.

ಒಳಗೆ ಪೇದೆಯೊಬ್ಬ ಬಿಳಿ ಬಟ್ಟೆಯ ಅಂಚು ಸರಿಸಿದ. ಮೂಳೆಗೆ ಮುಖವಿರುವುದಿಲ್ಲ, ಆದರೂ ನಾನು ಮುಖ ಹುಡುಕಿದೆ. ಪಕ್ಕದ ತಟ್ಟೆಯಲ್ಲಿ ಒಂದು ಉಡಿದಾರ, ಅದಕ್ಕೆ ಕಟ್ಟಿದ ತಾಯಿತ. ಉಡಿದಾರ ಅಂಗಡಿಯದಲ್ಲ. ಪೇಪರ್ ಮಷೀನಿನಲ್ಲಿ ಕಾಗದ ಹೊರುವ ದಪ್ಪ ಬಟ್ಟೆ ಇರುತ್ತದಲ್ಲ, ಫೆಲ್ಟು, ಅದು ಸವೆದರೆ ಮಿಲ್ಲಿನವರು ಮನೆಗೆ ತಂದು ಕಂಬಳಿ ಮಾಡಿಕೊಳ್ಳುವರು. ನಮ್ಮ ಹೆಂಗಸರು ಅದರ ನೂಲು ಬಿಡಿಸಿ ಗಂಡಂದಿರಿಗೆ ಉಡಿದಾರ ಹೆಣೆಯುವರು. ಕೊಳೆಯುವುದೇ ಇಲ್ಲ, ಹಾಳಾದ್ದು. ಈ ಹೆಣಿಗೆಯ ಕೊನೆಯ ಎರಡು ಗಂಟು ಹಾಲಮ್ಮನ ಕೈಯದು. ನಮ್ಮ ಜಗಲಿಯ ಮೇಲೆ ಕೂತು ಅವಳು ಹೆಣೆದದ್ದನ್ನು ನಾನೇ ನೋಡಿದ್ದೆ.

ಹಾಲಮ್ಮ ಅದನ್ನು ನೋಡಿದಳು. ಮುಖದ ರಕ್ತವೆಲ್ಲ ಇಳಿದು ಬೂದಿಯಾಯಿತು. ಆಮೇಲೆ ಬಲಗೈಯನ್ನು ನನ್ನ ಕಡೆ ಚಾಚಿದಳು.

"ನೋಡು ಲಿಂಗಿ."

ನಾನು ಹಿಡಿದೆ. ಅಮ್ಮಾ ತಾಯಿ, ಈಗಲಾದರೂ ಒಂದು ಬಡಿತ ಹೆಚ್ಚು ಬಡಿಸು ಎಂದು ಬೇಡಿಕೊಂಡೆ. ಟಕ್, ಟಕ್, ಟಕ್. ಗಂಡನ ಮೂಳೆಯ ಮುಂದೆ ನಿಂತ ಹೆಂಗಸಿನ ನಾಡಿ ಗೋಡೆ ಗಡಿಯಾರದ ಹಾಗೆ ನಡೆಯುತ್ತಿತ್ತು.

"ಎದ್ದಿದೆಯಾ?"

ಈ ಕೈ ಹಿಡಿದು ನಾನು ಸುಳ್ಳು ಹೇಳಿದವಳಲ್ಲ. "ಎದ್ದಿಲ್ಲ" ಎಂದೆ.

"ಅವರಲ್ಲ ಇದು" ಎಂದಳು ಹಾಲಮ್ಮ ಪೇದೆಗೆ. "ಮಿಲ್ಲಿನವರೆಲ್ಲ ಇಂಥ ಉಡಿದಾರ ಕಟ್ಕೋತಾರೆ."

"ಸರಿಯಾಗಿ ನೋಡಮ್ಮ. ಯಾರೂ ಒಪ್ಕೊಳ್ಳದಿದ್ರೆ ವಾರಸುದಾರರಿಲ್ಲ ಅಂತ ನಾವೇ ಮಣ್ಣು ಮಾಡ್ಬೇಕಾಗುತ್ತೆ."

"ಮಾಡಿ. ಯಾರೋ ಏನೋ ಪಾಪ" ಎಂದು ಅವಳು ಹೊರಗೆ ನಡೆದಳು.

ಆಟೋದಲ್ಲಿ ಕೂತ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲೋ, ನನ್ನ ಮೇಲೋ, ಆ ಬೆಂಕಿಪೊಟ್ಟಣದ ಮೇಲೋ ಗೊತ್ತಿಲ್ಲ. ಮೂರ್ತಪ್ಪನಂಥ ಮನುಷ್ಯ ಹೆಸರಿಲ್ಲದ ಹೆಣವಾಗಿ ಮಣ್ಣಿಗೆ ಹೋಗಬೇಕೇ? ಅವನ ಪಾಲಿನ ಎಳ್ಳುನೀರಿಗೂ ಗತಿಯಿಲ್ಲವೇ? "ಹಾಲಮ್ಮ, ಆ ಗಂಟು ನಿಂದು ಮಾರಾಯ್ತಿ" ಎಂದೆ. ಅವಳು ಹೊರಗೆ ನೋಡುತ್ತಾ ಕೂತಳು.

ಭದ್ರಾವತಿ ಹತ್ತಿರವಾದಾಗ ರಸ್ತೆ ಅಗೆದಿದ್ದರು. ಚಂದ್ರು ಆಟೋವನ್ನು ಜಲ್ಲಿಯ ಮೇಲೆ ಇಳಿಸಿದ. ಕುಲುಕಿದ ರಭಸಕ್ಕೆ ನನ್ನ ಹಲ್ಲು ಕಟಕಟ ಅಂದವು. ಹಾಲಮ್ಮ ಇದ್ದಕ್ಕಿದ್ದಂತೆ ನೆಟ್ಟಗೆ ಕೂತಳು. ಕೈ ಎದೆಗೆ ಹೋಯಿತು.

"ಎದ್ದಿತು! ಲಿಂಗಿ, ಎದ್ದಿತು! ಚಂದ್ರು, ನಿಲ್ಲಿಸೋ! ಇಲ್ಲೇ ಎಲ್ಲೋ ಇದಾರೆ!"

ನಾನು ನಾಡಿ ಹಿಡಿದೆ. ನಿಜವಾಗಿಯೂ ಓಡುತ್ತಿತ್ತು, ಆ ಹಳೆಯ ಮಂಗಳವಾರಗಳ ಹಾಗೆ. ಅವಳು ಆಟೋ ನಿಲ್ಲುವ ಮೊದಲೇ ಇಳಿದಳು, ಹಿಡಿದ ಕೈ ಬಿಡದೆ ನಾನೂ ಹಿಂದೆಯೇ ಇಳಿದೆ. ನಡುಮಧ್ಯಾಹ್ನ, ರಸ್ತೆಯ ಎರಡೂ ಕಡೆ ಒಣಗಿದ ಗದ್ದೆ, ಒಂದು ನರಪಿಳ್ಳೆಯಿಲ್ಲ. ಹಾಲಮ್ಮ ಬಿಸಿಲಿಗೆ ಕೈ ಅಡ್ಡ ಹಿಡಿದು ಸುತ್ತಲೂ ನೋಡಿದಳು. "ರೀ..." ಎಂದು ಕರೆದಳು. ಏನೋ ಉತ್ತರ ಬಂದೀತೆಂದು ನಾನೂ ಕಾದೆ, ನನ್ನ ಬುದ್ಧಿಗಿಷ್ಟು! ಚಂದ್ರು ಇಂಜಿನ್ ಆಫ್ ಮಾಡಿದ. ಆ ಮೌನದಲ್ಲಿ ನನ್ನ ಬೆರಳ ಕೆಳಗೆ ಅವಳ ನಾಡಿ ಇಳಿಯುತ್ತಾ ಇಳಿಯುತ್ತಾ ಬಂದು, ಅರವತ್ತಕ್ಕೆ ನಿಂತಿತು.

ಹಾಲಮ್ಮ ಆಟೋದ ಕಡೆ ನೋಡಿದಳು, ಜಲ್ಲಿಯ ಕಡೆ ನೋಡಿದಳು.

"ಆ ಹುಡುಗಿ ಹೇಳಿದ್ದು ಇದನ್ನೇನಾ?"

"ಹೂಂ."

"ಹಂಗಾದ್ರೆ ಅಲ್ಲಿ ಮಲಗಿರೋದು ಅವರೇ ಆಗಿದ್ರೂ ಇದು ಏಳ್ತಿರಲಿಲ್ವಾ?"

"ಏಳ್ತಿರಲಿಲ್ಲ ಹಾಲಮ್ಮ" ಎಂದೆ. ಇಷ್ಟು ದಿನ ಗಟ್ಟಿಯಾಗಿ ಹೇಳಲಾಗದ ಮಾತನ್ನು ನಡುರಸ್ತೆಯಲ್ಲಿ ಹೇಳಿದೆ.

ಅವಳು ತಲೆ ಬಗ್ಗಿಸಿ ಎದೆಯ ಮೇಲಿನ ಉಬ್ಬನ್ನು ನೋಡಿಕೊಂಡಳು. "ಜಲ್ಲಿಕಲ್ಲಿಗೆ ಏಳ್ತೀಯಾ! ನನ್ನ ಮನೆಯವರಿಗೆ ಏಳಲ್ವಾ! ನಿನ್ನ ವಂಶ ಹಾಳಾಗ!" ಎಂದು ಎಡಗೈ ಮುಷ್ಟಿಯಿಂದ ಎದೆಗೆ ಹೊಡೆದುಕೊಂಡಳು, ಆ ಉಬ್ಬಿನ ಮೇಲೆಯೇ. ಮತ್ತೆ ಹೊಡೆದಳು. ಬೈಗುಳ ನಿಂತು ಅಳು ಶುರುವಾಯಿತು. ಹೆಣದ ಮುಂದೆ ನಮ್ಮ ಹೆಂಗಸರು ಹೇಗೆ ಎದೆ ಬಡಿದುಕೊಂಡು ಅಳುತ್ತಾರೋ ಹಾಗೆ, "ಹೋದ್ರಲ್ಲೋ, ನನ್ನ ಬಿಟ್ಟು ಹೋದ್ರಲ್ಲೋ" ಎಂದು, ಬಡಿತಕ್ಕೊಂದು ಮಾತು. ಚಂದ್ರು ತಡೆಯಲು ಬಂದ. ನಾನು ಬೇಡವೆಂದೆ. ಅವಳ ಬಲಗೈ ಇನ್ನೂ ನನ್ನ ಕೈಯಲ್ಲಿತ್ತು.

ಅದು ಏರತೊಡಗಿತ್ತು. ಅವಳ ಮುಷ್ಟಿ ಬಿದ್ದ ಹಾಗೆಲ್ಲ ಆ ಮಷೀನು ಬೆಚ್ಚಿ ಬೆಚ್ಚಿ ಎಚ್ಚರಾಗುತ್ತಿತ್ತು. ಎಪ್ಪತ್ತು, ಎಂಬತ್ತು, ಇನ್ನೂ ಮೇಲೆ. ದುಃಖವೆಂದರೇನೆಂದು ತಿಳಿಯದ ಆ ಲೋಹದ ಚೂರಿಗೆ ಅವಳ ಕೈ ಹೊಡೆದು ಹೊಡೆದು ತಿಳಿಸುತ್ತಿತ್ತು. ದೂರದಿಂದ ಓಡೋಡಿ ಬರುವ ಆ ಹೆಜ್ಜೆ ಮತ್ತೆ ನನ್ನ ಬೆರಳಿಗೆ ಸಿಕ್ಕಿತು. ಹಾಡುಹಗಲಿನಲ್ಲಿ ನನ್ನ ಬೆನ್ನು ತಣ್ಣಗಾಯಿತು.

ಅವಳಿಗೂ ಅದು ತಿಳಿಯಿತು. ಕೈ ನಿಲ್ಲಿಸದೆ ನನ್ನ ಮುಖ ನೋಡಿದಳು.

"ನೋಡು ಲಿಂಗಿ. ಈಗ ನೋಡು."

ಕಟ್ಟಳೆಯೇನು, ಕಾರಣವೇನು, ಎಲ್ಲ ನನಗೆ ಗೊತ್ತಿತ್ತು. ಆದರೆ ನಾಡಿ ಹಿಡಿದವಳು ಕಂಡದ್ದನ್ನಷ್ಟೇ ಹೇಳಬೇಕು.

"ಎದ್ದಿದೆ" ಎಂದೆ.

"ಅವರೇ" ಎಂದಳು ಹಾಲಮ್ಮ. "ಚಂದ್ರು, ಗಾಡಿ ತಿರುಗಿಸಪ್ಪ. ಮಣ್ಣು ಮಾಡಿಬಿಟ್ಟಾರು."

ತಿರುಗಿಸಿದ. ಶವಾಗಾರದಲ್ಲಿ ಪೇದೆ ತೋರಿಸಿದ ಕಡೆಯೆಲ್ಲ ಅವಳು ಸಹಿ ಹಾಕಿದಳು. ಆ ಉಡಿದಾರವನ್ನು ಕೈಗೆ ತೆಗೆದುಕೊಂಡು ಕೊನೆಯ ಎರಡು ಗಂಟನ್ನು ಹೆಬ್ಬೆರಳಿನಿಂದ ಸವರಿದಳು. ಆಗ ಎದೆ ಬಡಿದುಕೊಳ್ಳಲಿಲ್ಲ, ಕೂಗಲಿಲ್ಲ. ಕಣ್ಣೀರು ಮಾತ್ರ ಗಲ್ಲದಿಂದ ತೊಟ್ಟಿಕ್ಕಿ ತಟ್ಟೆಯೊಳಗೆ ಬೀಳುತ್ತಿತ್ತು, ನಿಲ್ಲಲೇ ಇಲ್ಲ. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಅರವತ್ತು.

ಹಾಲಮ್ಮ ಈ ಸಲ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ನಾಡಿಯ ಮೇಲಿಂದ ಬೆರಳು ತೆಗೆದು, ಅವಳ ಅಂಗೈಯನ್ನು ಸುಮ್ಮನೆ ಹಿಡಿದುಕೊಂಡೆ.